ಅವ್ವನದೊಂದು, ಅಪ್ಪನದೊಂದು

ಹೋದ ತಿಂಗಳು ಮಣಿಕಟ್ಟು ಮುರಿದುಕೊಂಡು ಬೇಲೂರಿನಲ್ಲಿ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿನ ಹುಡುಗಿ ಕರಗಿಸಿದ ಮೇಣವನ್ನು ಮುಂದಿಟ್ಟು, ಕೈ ಅದ್ದಿ ಎಂದಳು. ಬಿಸಿ ಮೇಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅರಸೀಕೆರೆಯಲ್ಲಿದ್ದೆ... ಸ್ಟೇಷನ್ ರಸ್ತೆಯ ಮಹಡಿಯ ಮೇಲೆ, ನಮ್ಮ ಟೈಪಿಂಗ್ ಮೇಡಂ ಎದುರಿಗೆ.

ತೊಂಬತ್ತರ ದಶಕದ ಕೊನೆ ಅದು. ಪಿಯುಸಿ ಮುಗಿಸಿದವರೆಲ್ಲ ಟೈಪಿಂಗ್ ಕಲಿಯುತ್ತಿದ್ದ ಕಾಲ. ಮೇಡಂ ನಮ್ಮ ಪಕ್ಕದ ಮನೆಯವರೂ ಹೌದು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಬೆಳಗಿನ ಕ್ಲಾಸಿಗೆ ಮುಂಚೆ ಪಾತ್ರೆಯಲ್ಲಿ ಮೇಣ ಕರಗಿಸಿ ಎರಡೂ ಕೈ ಅದ್ದಿಕೊಂಡು ಕೂರುತ್ತಿದ್ದರು. ಹಾಸಿಗೆಯಿಂದ ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತಿದ್ದವು, ಮುಷ್ಟಿ ಕಟ್ಟಬೇಕಾದರೆ ಬಿಸಿಲೇರಬೇಕಿತ್ತು. ಗೆಣ್ಣುಗಳು ಊದಿ ಹೊಳೆಯುತ್ತಿದ್ದವು. ಡಾಕ್ಟರು ಅದಕ್ಕೆ ರುಮಟಾಯ್ಡ್ ಸಂಧಿವಾತ ಅನ್ನುತ್ತಿದ್ದರು. ನಮ್ಮ ಬೀದಿಯವರಿಗೆ ಅದು ಬರೀ ವಾಯು.

ಹಗರೆಯಲ್ಲಿದ್ದ ಅವರ ಅಕ್ಕನಿಗೂ ಇದೇ ಕಾಯಿಲೆ. ಆದರೆ ಅಕ್ಕ ಹಸು ಕರೆಯುತ್ತಿದ್ದರು, ಡೈರಿಗೆ ಹಾಲು ಹಾಕಿ ಬರುತ್ತಿದ್ದರು. ನೋವು ಬರುತ್ತಿತ್ತು, ಹೋಗುತ್ತಿತ್ತು. ಮೇಡಂ ಬೆರಳುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸೊಟ್ಟಗಾಗುತ್ತಾ ಹೋದವು. ಹುಳಿ ತಿಂದದ್ದಕ್ಕೆ, ಟೈಪಿಂಗ್ ಕೀಲಿ ಬಡಿದದ್ದಕ್ಕೆ ಹೀಗಾಯಿತೆಂದು ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ಬಾಯಿ ಕಟ್ಟಿ ಪಥ್ಯ ಮಾಡುತ್ತಿದ್ದರು. ವಾರಕ್ಕೊಮ್ಮೆ ನುಂಗುವ ಮಾತ್ರೆಯೊಂದನ್ನು ಡಾಕ್ಟರು ಬರೆದುಕೊಟ್ಟಿದ್ದರೂ, ಲಿವರ್ ಹಾಳಾಗುತ್ತೆ ಎಂದು ಯಾರೋ ಹೆದರಿಸಿದ್ದರಿಂದ ಅದನ್ನು ಮುಟ್ಟುತ್ತಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಲೇಡಿ ಡಾಕ್ಟರೊಬ್ಬರು ಇದೇ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಒಬ್ಬರಿಗೆ ಜೋರಾಗಿ, ಇನ್ನೊಬ್ಬರಿಗೆ ಸೌಮ್ಯವಾಗಿ ಯಾಕೆ ಬರುತ್ತದೆ ಎಂದು ರಕ್ತದಲ್ಲಿ ಹುಡುಕುತ್ತಿದ್ದರು. ಅಕ್ಕ ತಂಗಿ ಇಬ್ಬರೂ ರಕ್ತ ಕೊಟ್ಟು ಬಂದರು. ಫಲಿತಾಂಶ ಕೇಳಲು ಹೋದಾಗ ಅವರ ಜೊತೆ ನಾನೂ ರೈಲು ಹತ್ತಿದೆ. ಮೇಡಂಗೆ ಆಗ ಚೀಲ ಹಿಡಿಯಲೂ ಆಗುತ್ತಿರಲಿಲ್ಲ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಹುಟ್ಟುವಾಗ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಬರುತ್ತದೆ. ಆ ಪಾಲಿನಲ್ಲಿ ಒಂದು ಗುರುತು ಇದ್ದವರಿಗೆ ಈ ಕಾಯಿಲೆ ಬಂದರೆ ಕೀಲು ಬೇಗ ಸವೆಯುವ ಸಂಭವ ಹೆಚ್ಚು. ಅಕ್ಕನಿಗೆ ಗುರುತು ಒಂದೇ ಕಡೆಯಿಂದ ಬಂದಿದೆ, ತಂಗಿಗೆ ಎರಡೂ ಕಡೆಯಿಂದ. ಗುರುತು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಅದೊಂದರಿಂದಲೇ ಎಲ್ಲ ತೀರ್ಮಾನವಾಗುವುದೂ ಇಲ್ಲ ಎಂದರು.

“ನೀವೇನೋ ಮಾಡಿದ್ದಕ್ಕೆ ಬಂದದ್ದಲ್ಲ ಇದು. ಆದರೆ ಇನ್ನು ಕಾಯಬೇಡಿ, ಮಾತ್ರೆ ಶುರು ಮಾಡಿ. ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಇರಿ, ಲಿವರ್ ನಾನು ನೋಡ್ಕೋತೀನಿ.”

ವಾಪಸ್ ಬರುವಾಗ ಮೇಡಂ ಕಿಟಕಿಗೆ ಮುಖ ಮಾಡಿ ಕೂತಿದ್ದರು. ತಿಪಟೂರು ದಾಟಿದ ಮೇಲೆ ಅಕ್ಕನ ಕಡೆ ತಿರುಗಿದರು.

“ಅಕ್ಕಾ, ಅವ್ವನ ಕೈ ನೆನಪು ಮಾಡ್ಕೋ. ಅವ್ವ ಸೋಮಾರಿ ಅಲ್ಲ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು.

ಜಾವಗಲ್‌ನ ತವರಿನಲ್ಲಿ ಅವರ ತಾಯಿ ಹೊತ್ತೇರುವ ತನಕ ಏಳುತ್ತಿರಲಿಲ್ಲವಂತೆ. ಕಸ, ನೀರು, ಒಲೆ ಎಲ್ಲವೂ ತಡ. ತೆಂಗಿನ ತೋಟದ ಯಜಮಾನರಾದ ತಂದೆ ಮನೆಗೆ ಬಂದವರೆದುರು “ನಮ್ಮವಳಿಗೆ ಬೆಳಕು ಹರಿಯೋದೇ ತಡ” ಎಂದು ನಗುತ್ತಿದ್ದರಂತೆ. ಮಕ್ಕಳೂ ಅದನ್ನೇ ನಂಬಿ ಬೆಳೆದಿದ್ದರು.

ಮುಂದಿನ ಭಾನುವಾರ ಮೂವರೂ ಜಾವಗಲ್‌ಗೆ ಹೋದೆವು. ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ ಆ ತಾಯಿ, ಸೊಟ್ಟ ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು.

“ಅಂಗಾರೆ ನಾನೇ ಕೊಟ್ಟೆ ಅನ್ನು, ಮಗಾ.”

“ನಿಂದೊಂದೇ ಅಲ್ಲ ಕಣವ್ವಾ,” ಎಂದರು ಮೇಡಂ. ತವರಿಗೆ ಹೋದರೆ ಅವರ ಮಾತೂ ಹಳ್ಳಿಯದಾಗುತ್ತಿತ್ತು. “ಅಪ್ಪಂದೂ ಒಂದೈತೆ.”

ಯಜಮಾನರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅವರಿಗೆ ಒಂದು ದಿನಕ್ಕೂ ಕೈ ನೋವು ಬಂದದ್ದಿಲ್ಲ. ತಾಯಿ ಗಂಡನ ಮುಖವನ್ನೇ ನೋಡಿದರು. ಸೆರಗಿನ ಮರೆಯಲ್ಲಿ ಶುರುವಾದ ನಗು ತಡೆಯಲಾರದೆ ಮೈಯೆಲ್ಲ ಕುಲುಕಿತು.

“ಕೇಳಿಸ್ತಾ, ನಿಮ್ಮ ಮಗಳು ಅಂದಿದ್ದು?”

ಯಜಮಾನರು ಟವೆಲ್ ಕೊಡವಿಕೊಂಡು ತೋಟದ ಕಡೆ ಹೊರಟುಹೋದರು. ಬಂದದ್ದು ಊಟದ ಹೊತ್ತಿಗೆ. ಆದರೆ ಮಾರನೆಯ ಬೆಳಗ್ಗೆ ನಾನು ಹಿತ್ತಲಿಗೆ ಹೋದಾಗ ಹಂಡೆಯ ಒಲೆಯ ಮುಂದೆ ಕೂತಿದ್ದವರು ಅವರೇ, ತೆಂಗಿನ ಗರಿ ಮುರಿದು ಉರಿ ಹಾಕುತ್ತಿದ್ದರು. ಬೋಗುಣಿಯಲ್ಲಿ ಬಿಸಿನೀರು ತಂದು ಹೆಂಡತಿಯ ಹಾಸಿಗೆ ಪಕ್ಕ ಇಟ್ಟರು.

“ಕೈ ಇಕ್ಕು. ಅವಸರ ಏನಿಲ್ಲ.”

ಆಮೇಲೆ ಅಪ್ಪ ಬದುಕಿರುವ ತನಕ ಬೆಳಗಿನ ಒಲೆ ಅವರದೇ ಆಯಿತು ಎಂದು ಮೇಡಂ ಹೇಳುತ್ತಿದ್ದರು.

ಮಾತ್ರೆ ಮೇಡಂಗೆ ಹಿಡಿಯಿತು. ಸೊಟ್ಟಗಾದದ್ದು ನೆಟ್ಟಗಾಗಲಿಲ್ಲ, ಆದರೆ ಊತ ಇಳಿಯಿತು, ಕಾಯಿಲೆ ಮುಂದಕ್ಕೆ ಹೋಗಲಿಲ್ಲ. ಪಥ್ಯ ಬಿಟ್ಟು ಹುಣಸೆಹಣ್ಣಿನ ಗೊಜ್ಜನ್ನು ಚಪ್ಪರಿಸಿಕೊಂಡು ತಿಂದರು. ಟೈಪಿಂಗಿಗೆ ಬರುವವರು ಕಡಿಮೆಯಾದಾಗ ಬೇಸರ ಮಾಡಿಕೊಳ್ಳದೆ ಕಂಪ್ಯೂಟರ್ ತಂದು ಕೂರಿಸಿದರು. ಇದರ ಕೀಲಿ ಮೆತ್ತಗಿದೆ ಕಣೇ, ನನಗೋಸ್ಕರವೇ ಮಾಡಿದ ಹಾಗಿದೆ ಎಂದು ನನ್ನೆದುರು ಹಿಗ್ಗಿದ್ದರು...

ಮೇಡಂ ಈಗಿಲ್ಲ. ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟಿದ್ದು ತಿಥಿಯೆಲ್ಲ ಮುಗಿದ ಮೇಲೆ. ಮೊನ್ನೆ ಬೇಲೂರಿನಿಂದ ಬರುವಾಗ ಹಗರೆಯಲ್ಲಿ ಇಳಿದು ಅಕ್ಕನ ಮನೆಗೆ ಹೋದೆ. ವಯಸ್ಸಾಗಿದೆ, ಹಸು ಮಾರಿದ್ದಾರೆ, ಓಡಾಡಿಕೊಂಡಿದ್ದಾರೆ. ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು.

“ಈಗ್ಲೂ ಒಂದೊಂದು ದಿನ ಕೈ ಹಿಡ್ಕೊಳ್ತದೆ ಕಣಮ್ಮ. ಮನೇಲಿ ಹೇಳಿದ್ರೆ ಎಣ್ಣೆ ತಂದುಕೊಡ್ತಾರೆ, ಒಳ್ಳೆ ಮಕ್ಳು. ಆದ್ರೆ ಹೆಂಗೆ ಹಿಡ್ಕೊಂಡಿತ್ತಕ್ಕಾ ಅಂತ ಕೇಳ್ತಿದ್ದೋಳು ಅವಳೊಬ್ಳೇ.”

ಹೆಂಗೆ ಹಿಡ್ಕೊಂಡಿತ್ತು ಎಂದು ನಾನೇ ಕೇಳಿದೆ. ಅಕ್ಕ ಹೇಳತೊಡಗಿದರು.