ಡೋರಿಸ್ ಕಲಿತ ಕನ್ನಡ

ಇವತ್ತು ಆಸ್ಪತ್ರೆಯ ರೌಂಡ್ಸ್ ಮುಗಿಸಿ ಡಬ್ಬಿ ತೆರೆದರೆ ಬೇಯಿಸಿದ ಮೊಟ್ಟೆಯ ವಾಸನೆ ಗಪ್ಪೆಂದು ಹೊಡೆಯಿತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ನಗು ಉಕ್ಕಿಬಂತು. ಕಾರಣ ಡೋರಿಸ್. ಡೋರಿಸ್ ಅಂದರೆ ಒಂದು ಕಾಗೆ. ಸಾಮಾನ್ಯ ಕಾಗೆಯಲ್ಲ, ಕೋಳಿಗಿಂತ ದೊಡ್ಡದಾದ ರೇವನ್.

ಮೈಸೂರಿನಿಂದ ಇಂಗ್ಲೆಂಡಿನ ಹಾರ್ಬೋರ್ನ್‌ಗೆ ಬಂದ ವರ್ಷ ನನ್ನ ಮಗಳು ಇಂಚರಾಗೆ ಆರು ವರ್ಷ. ಶಾಲೆಗೆ ಸೇರಿದ ವಾರವೇ ಅವಳ ಮಾತು ನಿಂತುಹೋಯಿತು. ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೂ. ಕಂಡವರ ಮಕ್ಕಳಿಗೆಲ್ಲ ಮದ್ದು ಕೊಡುವ ಡಾಕ್ಟರಮ್ಮ ನಾನು, ಮಗಳ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದ್ದೇ ನೋಡಿದ್ದು. ಗಂಟಲಿಗೇನಾಗಿತ್ತು, ದುಂಡಗೆ ಚೆನ್ನಾಗಿಯೇ ಇತ್ತು!

ಪ್ರಾಣಿಗಳ ಜೊತೆ ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದು ಥೆರಪಿಸ್ಟ್ ಹೇಳಿದರು. ಊರಾಚೆ, ಗಾಯಗೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಜಾಗವೊಂದಿತ್ತು. ರೆಕ್ಕೆ ಮುರಿದು ಇನ್ನೆಂದೂ ಹಾರಲಾಗದ ಡೋರಿಸ್ ಅಲ್ಲಿನ ದೊಡ್ಡ ಪಂಜರದಲ್ಲಿದ್ದಳು. ಆ ಜಾಗವನ್ನು ನಡೆಸುತ್ತಿದ್ದ ಜೀನ್ ಅವರನ್ನು ಬಿಟ್ಟು ಯಾರು ಹತ್ತಿರ ಹೋದರೂ ಕುಕ್ಕುತ್ತಿದ್ದಳು. ಇಂಚರಾ ನಾನು ತಡೆಯುವ ಮೊದಲೇ ತಂತಿಯ ಸಂದಿನಲ್ಲಿ ತನ್ನ ಡಬ್ಬಿಯ ಬೇಯಿಸಿದ ಮೊಟ್ಟೆಯ ಚೂರು ಚಾಚಿದಳು. ಡೋರಿಸ್ ಬೆರಳು ಬಿಟ್ಟು ಮೊಟ್ಟೆ ತಿಂದಳು. ಅಂದಿನಿಂದ ಪ್ರತಿ ಶನಿವಾರ ಅವರಿಬ್ಬರ ಗುಟ್ಟಿನ ಸಭೆ. ನನಗೆ ಪ್ರವೇಶವಿಲ್ಲ, ಕಾರಿನಲ್ಲಿ ಕೂತು ಬಿಸ್ಕತ್ತು ತಿನ್ನುವುದು ನನ್ನ ಕೆಲಸ.

ಮೂರು ತಿಂಗಳಾಗಿರಬೇಕು. ಜೀನ್ ಏದುಸಿರು ಬಿಡುತ್ತಾ ಕಾರಿನ ಬಳಿ ಓಡಿಬಂದರು. "ಡೋರಿಸ್ ಯಾವುದೋ ಭಾಷೆ ಮಾತಾಡುತ್ತಿದ್ದಾಳೆ, ಬೇಗ ಬನ್ನಿ!" ಎಂದರು.

ಹೋಗಿ ನಿಂತೆ. ಡೋರಿಸ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕತ್ತಿನ ಗರಿ ಉಬ್ಬಿಸಿ ಗದರಿದಳು: "ಬೇಗ, ಬೇಗ! ಶೂ ಎಲ್ಲೇ?"

ನನ್ನದೇ ಮಾತು, ನನ್ನದೇ ರಾಗ! ರೇವನ್‌ಗಳು ಕೇಳಿದ ಮಾತನ್ನು ಗಿಳಿಯಂತೆ ಅನುಕರಿಸುತ್ತವೆ; ನನ್ನ ಬೆಳಗಿನ ಅವತಾರವನ್ನು ಮಗಳು ಡೋರಿಸ್‌ಗೆ ಗುಟ್ಟಾಗಿ ಅಷ್ಟು ಅಚ್ಚುಕಟ್ಟಾಗಿ ಒಪ್ಪಿಸಿದ್ದಳು. ನಕ್ಕೆ, ನಕ್ಕೆ, ನಗುತ್ತಲೇ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತು ಅಳತೊಡಗಿದೆ.

"ಅಮ್ಮಾ, ಅಳ್ಬೇಡ," ಅಂದಿತು ಒಂದು ದನಿ. ಕಾಗೆಯದಲ್ಲ. "ಅವ್ಳು ಎಲ್ರಿಗೂ ಹಂಗೇ ಬೈತಾಳೆ."

ಎಂಟು ತಿಂಗಳ ಮೇಲೆ ಕೇಳಿದ ಮಾತು. "ಮತ್ತೆ ನಾನು?" ಎಂದೆ.

"ನೀನು ನಂಗೊಬ್ಳಿಗೇ."

ಡೋರಿಸ್ ಈಗಿಲ್ಲ. ಇಂಚರಾ ಶೆಫೀಲ್ಡ್‌ನಲ್ಲಿ ಕಾನೂನು ಓದುತ್ತಾಳೆ. ಕಳೆದ ಭಾನುವಾರ ಅವಳನ್ನು ರೈಲು ಹತ್ತಿಸಲು ಹೋದಾಗ, ಗೆಳತಿಯ ಪ್ರೇಮಪ್ರಸಂಗವನ್ನು ಕೈ ಬಾಯಿ ತಿರುಗಿಸಿ ಹೇಳುತ್ತಿದ್ದಳು. ರೈಲು ಬಂದು ನಿಂತಿದ್ದು ಕಂಡಿತು. ನಾನು ತುಟಿ ಬಿಚ್ಚಲಿಲ್ಲ. ಅದು ಹೊರಟೇ ಹೋಯಿತು.

"ಅಯ್ಯೋ! ಅಮ್ಮ, ನೀನ್ಯಾಕೆ ಹೇಳ್ಲಿಲ್ಲ?"

"ಕಥೆ ಮುಗ್ದಿರ್ಲಿಲ್ವಲ್ಲೇ," ಎಂದೆ. "ಹೂಂ, ಆಮೇಲೆ?"