ಠಾಕುಮಾಳ ಊರಿನ ಹೆಸರು

ಕೋಲ್ಕತ್ತದ ಕಾಲೇಜು ಲೈಬ್ರರಿಯಲ್ಲಿ ಕಾರ್ಡ್ ಮಾಡಿಸಲು ನಿಂತಿದ್ದೆ. ಕೌಂಟರಿನಲ್ಲಿದ್ದ ಸಂಧ್ಯಾದಿ, ಅಂದರೆ ಸಂಧ್ಯಾ ಅಕ್ಕ, ಕೇಳಿದರು: "ತೋಮಾರ್ ದೇಶ್ ಕೋಥಾಯ್?" ನಿನ್ನ ದೇಶ ಎಲ್ಲಿ? ಗಾಬರಿಯಲ್ಲಿ "ಬಿಟ್ಟು ಬಂದೆವು" ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು.

ಇಲ್ಲಿ ದೇಶ್ ಅಂದರೆ ಹುಟ್ಟೂರು, ಅಷ್ಟೇ. ಆದರೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿರುವ, ಸಿಂಧನೂರಿನ ಬಳಿಯ ನಮ್ಮ ಆರ್.ಎಚ್. ಕ್ಯಾಂಪಿನಲ್ಲಿ ಆ ಮಾತಿಗೆ ಕಳೆದುಹೋದದ್ದು ಎಂದೇ ಅರ್ಥ. ಕಳೆದುಕೊಳ್ಳದವರಿಗೂ ದೇಶ್ ಇರುತ್ತದೆಂದು ನನಗೇನು ಗೊತ್ತು? ಸಿಂಧನೂರಿನಲ್ಲಿ ನಾನು ಬಂಗಾಲಿ ಹುಡುಗಿ. ಇಲ್ಲಿ ನನ್ನ ಬಂಗಾಲಿ ಕೇಳಿದ ಹಾಸ್ಟೆಲಿನವರಿಗೆ ಮದ್ರಾಸಿ. ಮೀನಿನ ಸಾರಿಗೆ ಬರವಿಲ್ಲ, ಜೋಳದ ರೊಟ್ಟಿಗೆ ಮಾತ್ರ ಜೀವ ಬಾಯಿಬಿಡುತ್ತದೆ.

ನಮ್ಮ ಕ್ಯಾಂಪಿನ ಬಗ್ಗೆಯೇ ಪ್ರಬಂಧ ಬರೆಯಬೇಕಿತ್ತು. ಸಂಧ್ಯಾದಿ ಎರಡು ಪುಸ್ತಕ ಹುಡುಕಿಕೊಟ್ಟರು. ನಮ್ಮವರು ಮೀನುಗಾರರು ಎಂದಿತು ಒಂದು, ರೈತರು ಎಂದಿತು ಇನ್ನೊಂದು. ಅಚ್ಚಾದದ್ದೆಲ್ಲ ನಿಜವೆಂದುಕೊಂಡಿದ್ದ ನನಗೆ ತಲೆಕೆಟ್ಟಿತು.

"ಬರೆದವರು ಯಾರು, ಅಲ್ಲಿಗೆ ಹೋಗಿದ್ದರಾ, ಯಾರನ್ನು ಮಾತಾಡಿಸಿದರು, ಮೊದಲು ಅದನ್ನು ನೋಡು," ಅಂದರು ಸಂಧ್ಯಾದಿ.

ನೋಡಿದೆ. ಮೊದಲನೆಯ ಪುಣ್ಯಾತ್ಮ ಸಿಂಧನೂರನ್ನು ಬೆಟ್ಟಗಾಡು ಎಂದು ಬರೆದಿದ್ದ! ಗದ್ದೆಬಯಲಿನ ನಡುವೆ ಬೆಳೆದವಳು ನಾನು, ನಗು ಬಂತು. ಎರಡನೆಯವನು ಕ್ಯಾಂಪಿಗೇನೋ ಬಂದಿದ್ದ, ಆದರೆ ಗಂಡಸರನ್ನಷ್ಟೇ ಮಾತಾಡಿಸಿದ್ದ. ನನ್ನ ಠಾಕುಮಾ, ಅಂದರೆ ಅಪ್ಪನ ತಾಯಿ, ಯಾವ ಪುಟದಲ್ಲೂ ಇರಲಿಲ್ಲ. ಅಪ್ಪ ಹುಟ್ಟಿದ್ದೇ ಕ್ಯಾಂಪಿನಲ್ಲಿ. ಬಿಟ್ಟುಬಂದ ಊರಿನ ಹೆಸರು ಗೊತ್ತಿದ್ದದ್ದು ಠಾಕುಮಾ ಒಬ್ಬಳಿಗೇ. ಅವಳ ಬಾಯಿಂದ ಅದೊಂದು ಸಿಕ್ಕರೆ ಸಾಕು, ಅವಳೇ ನನ್ನ ಆಧಾರ ಎಂದು ಪ್ರಬಂಧದಲ್ಲಿ ಬರೆಯುವ ಆಸೆ ನನಗೆ.

ಅದನ್ನು ಕೇಳಿ ತಿಳಿಯಲು ಕ್ಯಾಂಪಿನ ಪಕ್ಕದ ಹಳ್ಳಿಯ ಗೆಳತಿ ಬಸಮ್ಮನನ್ನು ಮನೆಗೆ ಕಳಿಸಿದೆ. ಅವಳ ಫೋನ್ ಬಂದಾಗ ಲೈಬ್ರರಿಯ ಮೆಟ್ಟಿಲಿಗೆ ಓಡಿಬಂದೆ.

"ಅಜ್ಜಿಗೆ ಏನೂ ನೆಪ್ಪಿಲ್ಲಲೇ. ನನ್ನ ನೋಡಿ ನೀನ ಬಂದಿ ಅಂತ ತಿಳದಾಳ."

"ಊರಿನ ಹೆಸರು ಕೇಳಿದ್ಯಾ?"

"ಆಗ್ಲಿಂದ ಕೇಳಾಕತ್ತೀನಿ. ಕ್ಯಾಂಪ್ ಅಂತಾಳ. ಅದಕ್ಕ ಮದ್ಲು ಎಲ್ಲಿದ್ದಿ ಬೇ ಯಮ್ಮಾ ಅಂದ್ರ, ಸುಮ್ನ ಅಳ್ತಾಳ. ಇನ್ನ ನಾ ಕೇಳಂಗಿಲ್ಲ ನೋಡು. ನೀ ಬೈದ್ರೂ ಚಿಂತಿಲ್ಲ."

ಬೈಯಲು ನನಗೆಲ್ಲಿ ಮನಸ್ಸು? ಆ ಹೆಸರು ಇನ್ನು ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ.

ಬಸಮ್ಮ ನನ್ನ ಹೆಸರು ಹೇಳಿ ಫೋನನ್ನು ಠಾಕುಮಾಳ ಕೈಗೆ ಕೊಟ್ಟಳು. ಠಾಕುಮಾ ಬಂಗಾಲಿಯಲ್ಲಿ ಕೇಳಿದಳು: "ನೀನು ದೇಶ್‌ಗೆ ಹೋಗಿದ್ದೀಯಂತೆ. ಮನೆ ಹಿಂದಿನ ಕೊಳ ಇದೆಯಾ?"

ಕೋಲ್ಕತ್ತ ಅವಳ ಊರಲ್ಲ. ಆ ಊರು ಗಡಿಯಾಚೆ ಎಲ್ಲೋ ಇದೆ. ಹೇಗೆ ಹೇಳಲಿ?

"ಇದೆ, ಠಾಕುಮಾ."

"ನೀರು?"

"ತುಂಬಿದೆ."

ಇಲ್ಲಿ ನನಗೆ ಯಾರೂ ಇಲ್ಲ, ರಜೆಗೆ ಮನೆಗೆ ಬರುತ್ತೇನೆ ಎನ್ನಲು ನಾನು ಬಾಯಿ ತೆರೆದಿದ್ದೆ.

"ಹಾಗಾದರೆ ಅಲ್ಲೇ ಇದ್ದುಬಿಡು, ಮಗಳೇ," ಅಂದಳು. "ಈ ಕ್ಯಾಂಪಿಗೆ ಮತ್ತೆ ಬರಬೇಡ."