ಮಾತು ಕೇಳುವ ಡಬ್ಬಿ

ಆ ಬೀದಿಯಲ್ಲಿ ಪ್ಯಾಂಟು ಹೊಲಿಸಬೇಕಾದವರು ದರ್ಜಿಯ ಅಂಗಡಿ ಎಲ್ಲಿ ಎಂದು ಕೇಳುವುದಿಲ್ಲ, ಸ್ವಿಚ್ಚಣ್ಣನ ಅಂಗಡಿ ಎಲ್ಲಿ ಎಂದು ಕೇಳುತ್ತಾರೆ. ಅವನ ಕತ್ತರಿಯ ಕೈ ಒಳ್ಳೆಯದೇ, ಆದರೆ ಹೆಸರು ಬಂದದ್ದು ಕತ್ತರಿಯಿಂದಲ್ಲ. ಹೊಸ್ತಿಲು ತುಳಿದರೆ ಗಂಟೆ ಹೊಡೆದುಕೊಳ್ಳುತ್ತದೆ. ಅಳತೆಗೆ ನಿಲ್ಲುವ ಹಲಗೆ ಹತ್ತಿದರೆ ಕನ್ನಡಿಯ ಸುತ್ತ ದೀಪ ಹೊತ್ತಿಕೊಳ್ಳುತ್ತದೆ. ಅದು ಆರಬೇಕಾದರೆ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯಬೇಕು. ಸೂಜಿಗೆ ದಾರ ಪೋಣಿಸಲು ಒಂದು ಯಂತ್ರವಿದೆ. ಆ ಯಂತ್ರಕ್ಕೆ ದಾರ ಪೋಣಿಸಲು ಹೆಂಡತಿ ಇದ್ದಾಳೆ.

ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಮುಂಚೆ ಕೂಗಬೇಕಾದ ಒಂದು ಉಪಕರಣ ಹಾಲು ಉಕ್ಕಿ ಒಲೆ ಆರಿದ ಮೇಲೆ ಕೂಗುತ್ತಿತ್ತು. "ಥೇಟ್ ನಿಮ್ಮಪ್ಪನ ಹಾಗೆ," ಎಂದು ಸ್ವಿಚ್ಚಣ್ಣನ ತಾಯಿ ಅದನ್ನು ಒಪ್ಪಿಕೊಂಡುಬಿಟ್ಟಿದ್ದಳು. ಹೆಂಡತಿ ಇಷ್ಟು ಸುಲಭದಲ್ಲಿ ಒಪ್ಪುವವಳಲ್ಲ. ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಇಸ್ತ್ರಿ ಎಲ್ಲ ಅವಳ ಪಾಲಿನ ಕೆಲಸ, ಅವಳಿಗೆ ಕೆಲಸ ಮುಗಿಯಬೇಕು. ಗಂಡನ ಆವಿಷ್ಕಾರಗಳಲ್ಲಿ ಅವಳು ಮೆಚ್ಚಿದ್ದು ಒಂದನ್ನೇ: ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅಯಸ್ಕಾಂತದ ಪಟ್ಟಿ. ಗುಂಡುಸೂಜಿಗಳೆಲ್ಲ ಅದಕ್ಕೆ ಅಂಟಿಕೊಂಡಿರುತ್ತಿದ್ದವು, ಬಾಯಲ್ಲಿ ಕಚ್ಚಿಕೊಳ್ಳುವುದು ತಪ್ಪಿತ್ತು. ಅದನ್ನು ಅವಳು ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ.

ಡಬ್ಬಿ ಬಂದದ್ದೂ ಅವಳಿಗಾಗಿಯೇ. ಹೊರಗೆ ಹೋದಾಗಲೆಲ್ಲ ಅರ್ಧ ದಾರಿಯಲ್ಲಿ ನಿಂತು "ಇಸ್ತ್ರಿಪೆಟ್ಟಿಗೆ ಆರಿಸಿದ್ನಾ?" ಎಂದು ಮುಖ ಸಣ್ಣದು ಮಾಡುವುದು ಅವಳ ರೂಢಿ. ಅದಕ್ಕೆಂದೇ ಸ್ವಿಚ್ಚಣ್ಣ ಮಾತು ಕೇಳುವ ಡಬ್ಬಿಯೊಂದನ್ನು ತಂದ. ಗೋಡೆಯ ಹಳೆಯ ಸ್ವಿಚ್ಚುಗಳನ್ನು ಹಾಗೆಯೇ ಬಿಟ್ಟು, ದೀಪ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಅದರಿಂದ ಬೇರೆ ತಂತಿ ಎಳೆದ. ಅದಕ್ಕೆ ಎರಡು ಮಾತು ಕಲಿಸಿದ. "ಹೋಗ್ತೀನಿ" ಎಂದರೆ ಎಲ್ಲ ಆರಬೇಕು. "ಬರ್ತೀನಿ" ಎಂದರೆ ಎಲ್ಲ ಹೊತ್ತಬೇಕು.

"ಮನೇಲಿ ಯಾರೂ ಮಾತು ಕೇಳಲ್ಲ ಅಂತಿದ್ದ. ಕೊನೆಗೂ ಕೇಳೋರನ್ನ ತಂದ," ಎಂದಳು ತಾಯಿ.

ಎಡವಟ್ಟಾದದ್ದು ಮೊದಲ ದಿನವೇ. ಬಾಗಿಲಲ್ಲಿ ನಿಂತು "ಹೋಗ್ತೀನಿ" ಎನ್ನುವವರು ಆ ಮನೆಯಲ್ಲಿ ಯಾರಿದ್ದಾರೆ? ಪಕ್ಕದ ಅಂಗಡಿಗೆ ಹೊರಟವರೂ "ಬರ್ತೀನಿ" ಎಂದೇ ಹೊರಡುವುದು. ಹೆಂಡತಿ ಹೊರಟಳು, ಮನೆಯೆಲ್ಲ ಝಗ್ಗನೆ ಬೆಳಗಿತು. ತಾಯಿ ಹೊರಟಳು, ಫ್ಯಾನು ತಿರುಗಿತು. ದಾರದ ಉಂಡೆ ತರಲು ಹೊರಟ ಸ್ವಿಚ್ಚಣ್ಣನ ನಾಲಿಗೆಯೂ ಕೈಕೊಟ್ಟು, ಅವನು ಮರಳಿ ಬರುವಷ್ಟರಲ್ಲಿ ಖಾಲಿ ಅಂಗಡಿ ಮದುವೆಮನೆಯಂತೆ ಹೊಳೆಯುತ್ತಿತ್ತು.

"ಹೋಗ್ತೀನಿ ಅನ್ನೋಕೆ ಏನಮ್ಮಾ ಕಷ್ಟ?" ಎಂದು ತಾಯಿಯನ್ನು ಕೇಳಿದ.

"ಹಾಗಂದು ಹೋಗೋರು ವಾಪಸ್ ಬರೋಕೆ ಅಂತ ಹೋಗಲ್ಲ ಕಣೋ."

ಮಾತನ್ನೇ ಅದಲುಬದಲು ಮಾಡಿದರಾಯಿತು ಎಂದು ಮರುದಿನ "ಬರ್ತೀನಿ" ಎಂದರೆ ಆರುವಂತೆ ಮಾಡಿದ. ಪ್ಯಾಂಟು ಹಾಕಿ ನೋಡುತ್ತಿದ್ದ ಬ್ಯಾಂಕಿನವರೊಬ್ಬರು ಪರದೆಯ ಹಿಂದೆ ಒಂಟಿಕಾಲಲ್ಲಿ ನಿಂತು, "ಸೊಂಟ ಬಿಗಿ ಆಯ್ತು, ನಾಳೆ ಬರ್ತೀನಿ," ಎಂದರು. ಅಂಗಡಿ ಕತ್ತಲಾಯಿತು, ಬ್ಯಾಂಕಿನವರು ಪರದೆಯ ಸಮೇತ ಹೊರಗೆ ಬಂದು ಬಿದ್ದರು. ಕತ್ತಲಿಗಿಂತ ಬೆಳಕೇ ವಾಸಿ ಎಂದು ಸ್ವಿಚ್ಚಣ್ಣ ಡಬ್ಬಿಗೆ ಮತ್ತೆ ಹಳೆಯ ಪಾಠವನ್ನೇ ಹೇಳಿಕೊಟ್ಟ.

ಆಗ ಹೆಂಡತಿ ತನ್ನ ತಂಗಿಯ ಮಗಳಿಗಾಗಿ ಒಂದು ನೀಲಿ ಫ್ರಾಕು ಹೊಲಿಯುತ್ತಿದ್ದಳು. ಗಿರಾಕಿಗಳ ಕೆಲಸ ಮುಗಿದ ಮೇಲೆ, ಕಣ್ಣು ಎಳೆಯುತ್ತಿದ್ದರೂ ಕೂತು, ಒಂದೊಂದೇ ನೆರಿಗೆ ಹಿಡಿದಿದ್ದಳು. ಅಷ್ಟು ಪ್ರೀತಿಯಿಂದ ಅವಳು ಯಾವ ಬಟ್ಟೆಯನ್ನೂ ಹೊಲಿದಿರಲಿಲ್ಲ. ಆ ಸಂಜೆ ಫ್ರಾಕು ಮುಗಿಯಿತು, ಗುಂಡಿ ಮಾತ್ರ ಬಾಕಿ. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ನೆರಿಗೆ ಕೂರಲಿ ಎಂದು ಅದನ್ನು ಫ್ರಾಕಿನ ಮೇಲೆ ಭಾರಕ್ಕೆ ಇಟ್ಟಳು. ಅದರ ಸ್ವಿಚ್ಚು ಮುಟ್ಟಬೇಡ, ಡಬ್ಬಿ ನೋಡಿಕೊಳ್ಳುತ್ತದೆ ಎಂದು ಗಂಡ ಹೇಳಿದ್ದನ್ನು ಪಾಪ, ಅವಳು ನಂಬಿದ್ದಳು.

"ಅತ್ತೆ, ಗುಂಡಿ ತರ್ಬೇಕು, ಹೋಗ್ಬರ್ತೀನಿ," ಎಂದು ಹೊರಟಳು.

ಡಬ್ಬಿ ಮಾತು ಕೇಳಿತು.

ಹಿತ್ತಲಲ್ಲಿದ್ದ ತಾಯಿಗೂ ಮುಂದೆ ಬಟ್ಟೆ ಕತ್ತರಿಸುತ್ತಿದ್ದ ಸ್ವಿಚ್ಚಣ್ಣನಿಗೂ ವಾಸನೆ ಬರುವ ಹೊತ್ತಿಗೆ ಹೆಂಡತಿಯೂ ಮೆಟ್ಟಿಲು ಹತ್ತಿದ್ದಳು. ಇಸ್ತ್ರಿಪೆಟ್ಟಿಗೆ ಎತ್ತಿದರೆ ಅದರದೇ ಆಕಾರದಲ್ಲಿ ನೀಲಿ ಬಟ್ಟೆ ಕಂದಿ ತೂತಾಗಿತ್ತು. ಅವಳು ಫ್ರಾಕನ್ನು ಎತ್ತಿ ತೂತನ್ನು ಬೆಳಕಿಗೆ ಹಿಡಿದಳು. ಆಗ ಸ್ವಿಚ್ಚಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

"ಡಬ್ಬಿದೇನೂ ತಪ್ಪಿಲ್ಲ," ಎಂದ. "ನೀನು ಸರಿಯಾದ ಮಾತು ಹೇಳಿದ್ರೆ ಹೀಗೆ ಆಗ್ತಿರ್ಲಿಲ್ಲ ನೋಡು."

ಸುಟ್ಟ ಗಾಯಕ್ಕೆ ಉಪ್ಪು ಸವರುವುದೆಂದರೆ ಇದೇ. ಅವಳು ಜಗಳ ಆಡಲಿಲ್ಲ. ಒಳಗೆ ಹೋಗಿ ಕೈಚೀಲಕ್ಕೆ ಎರಡು ಬಟ್ಟೆ ತುಂಬಿದಳು, ಮೇಲೆ ಫ್ರಾಕನ್ನು ಇಟ್ಟಳು. ಮಣಿಕಟ್ಟಿನ ಅಯಸ್ಕಾಂತವನ್ನು ಬಿಚ್ಚಿ, ಗುಂಡುಸೂಜಿಗಳ ಸಮೇತ, ಕತ್ತರಿಸುವ ಮೇಜಿನ ಮೇಲಿಟ್ಟಳು.

"ತಂಗಿ ಮನೇಲಿ ಕೂತು ಇದನ್ನ ಸರಿ ಮಾಡ್ತೀನಿ. ಅಲ್ಲಿ ಸ್ವಿಚ್ಚು ಗೋಡೆ ಮೇಲಿರುತ್ತೆ." ಬಾಗಿಲಲ್ಲಿ ತಿರುಗಿ ನಿಂತಳು. "ಸರಿಯಾದ ಮಾತೇ ಬೇಕಲ್ವಾ ನಿಮ್ಗೆ? ಹೋಗ್ತೀನಿ."

ದೀಪ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಹೊರಡುವವರ ಬಾಯಿಂದ ಡಬ್ಬಿ ಆ ಮಾತು ಕೇಳಿದ್ದು ಅದೇ ಮೊದಲು.

"ನೋಡಿದ್ಯಾ, ಕೆಲಸ ಮಾಡ್ತು," ಎಂದು ಸ್ವಿಚ್ಚಣ್ಣ ತೊಡೆ ತಟ್ಟಿಕೊಂಡ. ತಟ್ಟಿದ ಕೈ ಅಲ್ಲೇ ಉಳಿಯಿತು. ಆ ಕತ್ತಲಲ್ಲಿ ಅವನಿಗೆ ಮೊದಲ ಸಲ ಆ ಮಾತು ಡಬ್ಬಿಯ ಕಿವಿಯಿಂದಲ್ಲದೆ ತನ್ನ ಕಿವಿಯಿಂದ ಕೇಳಿಸಿತು.

"ಯಾರೋ ಅದು ಹೋಗ್ತೀನಿ ಅಂದಿದ್ದು?" ಒಳಗಿನಿಂದ ತಾಯಿಯ ದನಿ ಬಂತು.

ಅವನು ತಡವರಿಸುತ್ತ ಹೋಗಿ, ಮಂಡಿ ಮೇಜಿಗೆ ಬಡಿಸಿಕೊಂಡು, ಡಬ್ಬಿಯನ್ನು ಗೋಡೆಯಿಂದ ಕಿತ್ತ. ತಂತಿಗಳ ಸಮೇತ ಬಂತು.

"ಹಾಗಂದು ಹೋಗ್ಬೇಡ್ವೇ," ಎಂದ.

"ಬೇರೆ ಏನಂದ್ರೂ ನಿಮ್ಮ ಡಬ್ಬಿಗೆ ಅರ್ಥ ಆಗಲ್ವಲ್ಲ."

"ಡಬ್ಬಿ ಕಿತ್ತೆ. ನಂಗೆ ಹೇಳು."

ಹೊರಗೆ ಯಾರದೋ ಸೈಕಲ್ಲು ಹಾದುಹೋಯಿತು. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ್ದು ಕೇಳಿಸಿತು.

"ಆ ಅಯಸ್ಕಾಂತ ಕೊಡಿ," ಎಂದಳು. "ತಂಗಿ ಮನೇಲೂ ಗುಂಡುಸೂಜಿ ಬೀಳ್ತವೆ."

ಅವನು ಮೇಜಿನ ಮೇಲೆ ಕೈಯಾಡಿಸಿದ. ಎರಡು ಸೂಜಿ ಚುಚ್ಚಿದ ಮೇಲೆ ಪಟ್ಟಿ ಸಿಕ್ಕಿತು. ಬಾಗಿಲಿಗೆ ಬಂದು ಅವಳ ಮಣಿಕಟ್ಟು ಹುಡುಕಿ ಕಟ್ಟಿದ. ಕತ್ತಲಲ್ಲಿ ಗಂಟು ಸರಿಯಾಗಿ ಬೀಳಲಿಲ್ಲ, ಅವಳು ಕೈ ಎಳೆದುಕೊಳ್ಳಲೂ ಇಲ್ಲ.

"ಬರ್ತೀನಿ," ಎಂದಳು.

ಯಾವ ದೀಪವೂ ಹೊತ್ತಲಿಲ್ಲ. "ಹ್ಞೂಂ, ಹೋಗ್ಬಾ," ಎಂದು ಸ್ವಿಚ್ಚಣ್ಣ ನಿಂತೇ ಇದ್ದ. ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದಿತ್ತು.

"ಲೋ, ಬರ್ತೀನಿ ಅಂದ್ಲಲ್ಲ," ಒಳಗಿನಿಂದ ತಾಯಿ ಕೂಗಿದಳು. "ಇನ್ನಾದ್ರೂ ಲೈಟ್ ಹಾಕೋ."

ಅವನು ಗೋಡೆ ಸವರತೊಡಗಿದ. ಆ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ, ಸ್ವಿಚ್ಚಿನಿಂದಲೇ ಹೆಸರು ಪಡೆದವನಿಗೆ, ಹಳೆಯ ಸ್ವಿಚ್ಚು ಎಲ್ಲಿದೆ ಎಂಬುದು ಮರೆತುಹೋಗಿತ್ತು.

"ಬಾಗಿಲ ಎಡಗಡೆ ರೀ," ಮೆಟ್ಟಿಲಿನಿಂದ ದನಿ ಬಂತು. "ಇನ್ನೂ ಸ್ವಲ್ಪ ಮೇಲೆ."

ದೀಪ ಹೊತ್ತಿದ ಮೇಲೆ ಅವಳು ಮೆಟ್ಟಿಲಿಳಿದಳು.